ಬಳ್ಳಾರಿಯ ಗುಜರಿಯಲ್ಲಿ ಎರಡು ಹಳೆಯ ಆಸಿಲೋಸ್ಕೋಪ್‌ಗಳಿವೆ: ರಿಪೇರಿ ಹವ್ಯಾಸಕ್ಕೆ ಯಾವುದು ಸರಿ?

ಗಂಗಾವತಿ_ಬೋರ್ಡ್

ಎಲ್ಲರಿಗೂ ನಮಸ್ಕಾರ. ನಾನು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ಸಂಜೆಯ ಹೊತ್ತಿನಲ್ಲಿ ಪರಿಚಯದವರು ತಂದುಕೊಡುವ ಆಂಪ್ಲಿಫೈಯರ್, ಎಲ್‌ಇಡಿ ಟಿವಿ ಮತ್ತು ಇನ್ವರ್ಟರ್‌ಗಳ ಪವರ್ ಸಪ್ಲೈ ಬೋರ್ಡ್‌ಗಳನ್ನು ಸರಿಪಡಿಸುವುದು ನನ್ನ ಹವ್ಯಾಸ. ಇದುವರೆಗೆ ಒಂದು ಅಗ್ಗದ ಮಲ್ಟಿಮೀಟರ್, ಒಂದು ಸೀರೀಸ್ ಬಲ್ಬ್ ಬೋರ್ಡ್ (ಉಪಕರಣಕ್ಕೆ ಬಲ್ಬಿನ ಮೂಲಕ ವಿದ್ಯುತ್ ಕೊಡುವ ಹಲಗೆ) ಇಷ್ಟರಲ್ಲೇ ಕೆಲಸ ಸಾಗಿದೆ. ಈಗ ಬಳ್ಳಾರಿಯ ಗುಜರಿ ವ್ಯಾಪಾರಿಯೊಬ್ಬರ ಬಳಿ ಕಾಲೇಜೊಂದರ ಪ್ರಯೋಗಾಲಯದಿಂದ ಹರಾಜಿನಲ್ಲಿ ಬಂದ ಸಾಮಾನುಗಳಿವೆ; ಅದರಲ್ಲಿ ವಿದ್ಯುತ್ ಸಂಕೇತದ ಆಕಾರವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಎರಡಿವೆ. ಟೆಕ್ಟ್ರಾನಿಕ್ಸ್ 465 ಸ್ಕೋಪ್‌ಗೆ ಹನ್ನೆರಡು ಸಾವಿರ, ಸೈಂಟಿಫಿಕ್ ಕಂಪನಿಯ 20 ಮೆಗಾಹರ್ಟ್ಸ್ ಸ್ಕೋಪ್‌ಗೆ ಆರು ಸಾವಿರ, 30 ವೋಲ್ಟ್ 2 ಆಂಪಿಯರ್ ಕೊಡುವ ಆಪ್‌ಲ್ಯಾಬ್ ಪವರ್ ಸಪ್ಲೈಗೆ ಎರಡೂವರೆ ಸಾವಿರ ಹೇಳುತ್ತಿದ್ದಾರೆ. ನನ್ನ ಬಳಿ ಇರುವುದು ಹದಿನೈದು ಸಾವಿರ. 465 ಮೇಲೆ ಆಸೆಯಿದೆ. ಆದರೆ ಆಸೆಗೂ ಅಗತ್ಯಕ್ಕೂ ಇರುವ ಅಂತರವನ್ನು ತಿಳಿದವರು ಹೇಳಬೇಕೆಂದು ಇಲ್ಲಿ ಕೇಳುತ್ತಿದ್ದೇನೆ.

ಶಕ್ತಿನಗರ_ನಿವೃತ್ತ

ನಮಸ್ಕಾರ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಇನ್‌ಸ್ಟ್ರುಮೆಂಟೇಶನ್ ವಿಭಾಗದಲ್ಲಿ ದುಡಿದು ನಿವೃತ್ತನಾಗಿರುವ ನಾನು, ಉಪಕರಣದ ಆಯ್ಕೆಯನ್ನು ಅದರ ಮುಖಫಲಕ ನೋಡಿ ಮಾಡಬಾರದು, ಮೇಜಿನ ಮೇಲೆ ಬರುವ ಕೆಲಸ ನೋಡಿ ಮಾಡಬೇಕು ಎಂದು ನಂಬಿದವನು. ತಮ್ಮ ಕೆಲಸದಲ್ಲಿ ಬರುವ ಅತಿ ವೇಗದ ಸಂಕೇತ ಯಾವುದು? ಎಸ್‌ಎಂಪಿಎಸ್ (ವೇಗವಾಗಿ ಆನ್-ಆಫ್ ಆಗುತ್ತಾ ಕೆಲಸ ಮಾಡುವ ಪವರ್ ಸಪ್ಲೈ) ಆದರೆ ಸಾಮಾನ್ಯವಾಗಿ 65ರಿಂದ 100 ಕಿಲೋಹರ್ಟ್ಸ್. ಕ್ಲಾಸ್ ಡಿ ಆಂಪ್ಲಿಫೈಯರ್ ಆದರೆ ಕೆಲವು ನೂರು ಕಿಲೋಹರ್ಟ್ಸ್. ಸ್ಕೋಪ್ ತೋರಿಸಬಲ್ಲ ಏರಿಕೆಯ ಅವಧಿಯನ್ನು ತಿಳಿಯಲು 0.35 ಅನ್ನು ಬ್ಯಾಂಡ್‌ವಿಡ್ತ್‌ನಿಂದ (ಸ್ಕೋಪ್ ಸರಿಯಾಗಿ ತೋರಿಸಬಲ್ಲ ಆವರ್ತನದ ಮಿತಿಯಿಂದ) ಭಾಗಿಸಬೇಕು: 20 ಮೆಗಾಹರ್ಟ್ಸ್‌ಗೆ 17.5 ನ್ಯಾನೋಸೆಕೆಂಡ್, 465ರ 100 ಮೆಗಾಹರ್ಟ್ಸ್‌ಗೆ 3.5 ನ್ಯಾನೋಸೆಕೆಂಡ್. ಮಾಸ್ಫೆಟ್‌ನ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ನ) ಗೇಟ್‌ಗೆ ಪಲ್ಸ್ ಬರುತ್ತಿದೆಯೇ, ಅದರ ಆಕಾರ ನೆಟ್ಟಗಿದೆಯೇ ಎಂದು ನೋಡಲು ಮೊದಲನೆಯದೇ ಸಾಕು.

ಹಾಗೆಂದು 465 ಕೆಟ್ಟ ಯಂತ್ರವಲ್ಲ. 1972ರಲ್ಲಿ ಬಂದ ಆ ಸ್ಕೋಪ್ ಇಂದಿಗೂ ಜಗತ್ತಿನ ಎಷ್ಟೋ ಮೇಜುಗಳ ಮೇಲಿರುವುದಕ್ಕೆ ದೊಡ್ಡ ಕಾರಣ ಅದರ ಸರ್ವಿಸ್ ಮ್ಯಾನುಯಲ್. ಪ್ರತಿ ಟ್ರಾನ್ಸಿಸ್ಟರ್‌ನ ಸ್ಥಾನ, ಪ್ರತಿ ಹಂತದ ವೋಲ್ಟೇಜ್, ಕೆಲಸ ಮಾಡುವ ಬಗೆ ಎಲ್ಲವನ್ನೂ ಅದರಲ್ಲಿ ಬಿಡಿಸಿ ಬರೆದಿದ್ದಾರೆ, ಮತ್ತು ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಅದು ಕೆಟ್ಟರೆ ಸರಿಪಡಿಸಲು ಇನ್ನೊಂದು ಸ್ಕೋಪ್ ಬೇಕು, ಮತ್ತು ಅದರ ಸ್ವಿಚ್‌ಗಳೂ ಕೆಲವು ವಿಶೇಷ ಬಿಡಿಭಾಗಗಳೂ ಇನ್ನೊಂದು ಸತ್ತ 465ರಿಂದಲೇ ಬರಬೇಕು. ಮೊದಲ ಸ್ಕೋಪ್ ಎಂದು ಅದನ್ನು ಕೊಳ್ಳುವವರು ರಿಪೇರಿಗಾಗಿ ಉಪಕರಣ ಕೊಂಡು, ಕೊನೆಗೆ ಉಪಕರಣದ ರಿಪೇರಿಯಲ್ಲೇ ಕಾಲ ಕಳೆಯುತ್ತಾರೆ.

ನನ್ನನ್ನು ಕೇಳಿದರೆ ಮೊದಲು ಆ ಪವರ್ ಸಪ್ಲೈ ಕೊಳ್ಳಿ. ಅದರೊಳಗೆ ಇರುವುದು ಒಂದು ಟ್ರಾನ್ಸ್‌ಫಾರ್ಮರ್, ದಪ್ಪ ಕೆಪಾಸಿಟರ್, ಹಿಂಭಾಗದ ಹೀಟ್‌ಸಿಂಕ್ ಮೇಲೆ 2ಎನ್3055 ಅಥವಾ ಅದರ ಬಳಗದ ಟ್ರಾನ್ಸಿಸ್ಟರ್, ಮತ್ತು ನಿಯಂತ್ರಣದ ಒಂದು ಸಣ್ಣ ಬೋರ್ಡ್. ಇದರಲ್ಲಿ ಕೆಡುವ ವಸ್ತುಗಳೆಲ್ಲ ಬಳ್ಳಾರಿಯಲ್ಲೇ ಸಿಗುತ್ತವೆ. ಕರೆಂಟ್ ಮಿತಿಯನ್ನು 100 ಮಿಲಿಆಂಪಿಯರ್‌ಗೆ ಇಟ್ಟು ಸಂಶಯದ ಬೋರ್ಡ್‌ಗೆ ವಿದ್ಯುತ್ ಕೊಟ್ಟರೆ, ಎಷ್ಟೋ ದೋಷಗಳು ಸ್ಕೋಪ್ ಇಲ್ಲದೆಯೇ ಕೈಗೆ ಸಿಗುತ್ತವೆ.

ಕೊಪ್ಪಳ_ಡಿಜಿಟಲ್

ಹಿರಿಯರ ಮಾತಿಗೆ ಗೌರವವಿದೆ, ಆದರೂ ಒಂದು ಭಿನ್ನಾಭಿಪ್ರಾಯ ಇರಲಿ. ಇಂದು ಹೊಸ ಎರಡು ಚಾನೆಲ್‌ನ ಡಿಜಿಟಲ್ ಸ್ಕೋಪ್ ವಾರಂಟಿಯೊಂದಿಗೆ ಸಿಗುತ್ತಿರುವಾಗ, ಬದಲಿ ಸಿಗದ ಪಿಕ್ಚರ್ ಟ್ಯೂಬ್ ಇರುವ ಹಳೆಯ ಸ್ಕೋಪ್‌ಗೆ ಹಣ ಹಾಕುವುದು ಏಕೆ? ಟ್ಯೂಬ್ ಹೋದರೆ ಸ್ಕೋಪ್ ಹೋಯಿತು. ಅದಕ್ಕಿಂತ ಮುಖ್ಯವಾಗಿ, ಒಮ್ಮೆ ಮಾತ್ರ ಬಂದು ಮಾಯವಾಗುವ ಸಂಕೇತವನ್ನು ಡಿಜಿಟಲ್ ಸ್ಕೋಪ್ ಹಿಡಿದು ನಿಲ್ಲಿಸುತ್ತದೆ; ಅನಲಾಗ್ ಸ್ಕೋಪ್‌ನಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿರುತ್ತದೆ. ಸ್ವಿಚ್ ಒತ್ತಿದ ಮೊದಲ ಕ್ಷಣದಲ್ಲಿ ಸಪ್ಲೈ ಹೇಗೆ ಎದ್ದಿತು ಎಂಬುದೇ ನಮ್ಮ ಕೆಲಸದಲ್ಲಿ ಅನೇಕ ಬಾರಿ ಬೇಕಾಗುವ ಮಾಹಿತಿ.

ಕೌಲ್‌ಬಜಾರ್_ಸರ್ವೋ

ನಾನು ಬಳ್ಳಾರಿಯ ಜೀನ್ಸ್ ಘಟಕಗಳ ಹೊಲಿಗೆ ಯಂತ್ರಗಳ ಸರ್ವೋ ಮೋಟಾರ್ ಡ್ರೈವ್‌ಗಳನ್ನು ಸರಿಪಡಿಸುತ್ತೇನೆ. ನನಗೆ ಇದು ಹವ್ಯಾಸವಲ್ಲ, ಹೊಟ್ಟೆಪಾಡು. ಕೊಪ್ಪಳದ ತಮ್ಮ ಹೇಳಿದ ಮಾತಿನಲ್ಲಿ ಅರ್ಧ ನಿಜವಿದೆ. ಒಂದೇ ಬಾರಿ ಬರುವ ಸಂಕೇತಕ್ಕೆ ಡಿಜಿಟಲ್ ಬೇಕೇ ಬೇಕು. ಆದರೆ ಸಪ್ಲೈ ಎದ್ದು ಬಿದ್ದು ಎದ್ದು ಬೀಳುವ ಸಾಮಾನ್ಯ ದೋಷಕ್ಕೆ ಅನಲಾಗ್ ಸ್ಕೋಪ್ ಧಾರಾಳ ಸಾಕು.

ಯುಸಿ3842 ಎಂಬ ನಿಯಂತ್ರಕ ಐಸಿ ಇರುವ ಸಪ್ಲೈಯನ್ನೇ ತೆಗೆದುಕೊಳ್ಳಿ. ಐಸಿಗೆ ವಿದ್ಯುತ್ ಬರುವ ವಿಸಿಸಿ ಕಾಲಿಗೆ ಪ್ರೋಬ್ (ಸ್ಕೋಪ್‌ನ ಅಳೆಯುವ ತಂತಿ) ಇಟ್ಟು, ಸಮಯದ ಗುಂಡಿಯನ್ನು ನಿಧಾನದ ತುದಿಗೆ ತಿರುಗಿಸಿದರೆ, ಚುಕ್ಕಿ ಎಡದಿಂದ ಬಲಕ್ಕೆ ತೆವಳುತ್ತಾ ಮೆಲ್ಲಗೆ ಮೇಲೇರಿ, 16 ವೋಲ್ಟ್ ಮುಟ್ಟುತ್ತಿದ್ದಂತೆ ಧಡಕ್ಕನೆ 10 ವೋಲ್ಟ್‌ಗೆ ಕುಸಿಯುತ್ತದೆ, ಮತ್ತೆ ಏರುತ್ತದೆ. ಆ ಐಸಿ ಕೆಲಸ ಆರಂಭಿಸುವ ಮತ್ತು ನಿಲ್ಲಿಸುವ ವೋಲ್ಟೇಜ್‌ಗಳೇ ಅವು. ಅಂದರೆ ಐಸಿ ಬದುಕಿದೆ, ಪ್ರಾರಂಭದ ರೆಸಿಸ್ಟರ್ ಸರಿಯಿದೆ; ಕೆಲಸ ಶುರುವಾದ ಮೇಲೆ ಅದಕ್ಕೆ ಆಹಾರ ಬರುತ್ತಿಲ್ಲ ಅಥವಾ ಔಟ್‌ಪುಟ್ ಬದಿಯಲ್ಲಿ ಶಾರ್ಟ್ ಇದೆ. ಬಹಳಷ್ಟು ಸಲ ವಿಸಿಸಿಯ ಸಣ್ಣ ಕೆಪಾಸಿಟರ್ ಒಣಗಿರುತ್ತದೆ. ಅದನ್ನು ಕೆಪಾಸಿಟರ್‌ನ ಒಳರೋಧ ಅಳೆಯುವ ಇಎಸ್‌ಆರ್ ಮೀಟರ್ ಕ್ಷಣದಲ್ಲಿ ಹೇಳುತ್ತದೆ. ಹಾಗಾಗಿ ಇಎಸ್‌ಆರ್ ಮೀಟರ್ ಒಂದನ್ನು ಮಾತ್ರ ಹಳೆಯದು ಹುಡುಕದೆ ಹೊಸದೇ ಕೊಳ್ಳಿ, ಅಗ್ಗವಾಗಿ ಸಿಗುತ್ತದೆ. ಕೆಪಾಸಿಟರ್‌ನ ಚಾರ್ಜ್ ಇಳಿಸದೆ ಅದನ್ನು ಮುಟ್ಟಿಸಿದಿರೋ, ಮೀಟರ್ ಅಲ್ಲಿಗೆ ಮುಗಿಯಿತು.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ಸ್ಕೋಪ್‌ಗಿಂತ ಮೊದಲೇ ಇರಬೇಕಾದ ಒಂದು ವಸ್ತುವಿದೆ: ರಿಪೇರಿಯ ಬೋರ್ಡ್ ಅನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೋಲೇಶನ್ ಟ್ರಾನ್ಸ್‌ಫಾರ್ಮರ್. ಸ್ಕೋಪ್‌ನ ಪ್ರೋಬ್‌ಗಿರುವ ಮೊಸಳೆ ಕ್ಲಿಪ್ ನೇರವಾಗಿ ಗೋಡೆಯ ಅರ್ಥ್‌ಗೆ ಸೇರಿರುತ್ತದೆ. ಎಸ್‌ಎಂಪಿಎಸ್‌ನ ಪ್ರೈಮರಿ ಬದಿಯ ಗ್ರೌಂಡ್ ಬ್ರಿಡ್ಜ್ ರೆಕ್ಟಿಫೈಯರ್ ಮೂಲಕ ಮೇನ್ಸ್‌ಗೆ ಸೇರಿರುತ್ತದೆ. ಈ ಎರಡನ್ನೂ ಜೋಡಿಸಿದ ಕ್ಷಣವೇ ಢಮ್ ಎಂದು ಬ್ರಿಡ್ಜ್ ಸಿಡಿಯುತ್ತದೆ, ಕ್ಲಿಪ್‌ನ ತುದಿ ಕರಗುತ್ತದೆ. ಇದನ್ನು ತಪ್ಪಿಸಲು ಸ್ಕೋಪ್‌ನ ಅರ್ಥ್ ಪಿನ್ ಕತ್ತರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಸ್ಕೋಪ್‌ನ ಇಡೀ ಲೋಹದ ಕವಚವೇ ಲೈವ್ ಆಗಿಬಿಡುತ್ತದೆ.

ಗಂಗಾವತಿ_ಬೋರ್ಡ್

ಅಕ್ಕಾ, ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದ. ಮನೆಯಲ್ಲಿ ಹಳೆಯ ಟಿವಿಗೆ ಹಾಕುತ್ತಿದ್ದ ಸ್ಟೆಬಿಲೈಸರ್ ಇದೆ, ಗೆಳೆಯರ ಬಳಿ ಡಿಮ್ಮರ್‌ಸ್ಟಾಟ್ (ಗುಂಡಿ ತಿರುಗಿಸಿ ವೋಲ್ಟೇಜ್ ಏರಿಸಿ ಇಳಿಸುವ ಸಾಧನ) ಇದೆ. ಇವುಗಳಲ್ಲಿ ಒಂದನ್ನು ಐಸೋಲೇಶನ್‌ಗೆ ಬಳಸಬಹುದೇ?

ಶಕ್ತಿನಗರ_ನಿವೃತ್ತ

ಖಂಡಿತ ಬೇಡ. ಎರಡೂ ಆಟೋ ಟ್ರಾನ್ಸ್‌ಫಾರ್ಮರ್‌ಗಳು. ಒಳಗೆ ಒಂದೇ ಸುರುಳಿ ಇರುತ್ತದೆ, ನ್ಯೂಟ್ರಲ್ ಈ ಬದಿಯಿಂದ ಆ ಬದಿಗೆ ಹಾಗೆಯೇ ಹಾದುಹೋಗುತ್ತದೆ. ವೋಲ್ಟೇಜ್ ಕಡಿಮೆ ತೋರಿತೆಂದು ಅಪಾಯ ಕಡಿಮೆಯಾಗುವುದಿಲ್ಲ. ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ ಪಂಪ್‌ಸೆಟ್ ಮೋಟಾರು ಸುತ್ತುವ ವೈಂಡಿಂಗ್ ಅಂಗಡಿಗಳಿಗೇನು ಕೊರತೆ? ಟ್ರಾನ್ಸ್‌ಫಾರ್ಮರ್ ಸುತ್ತುವ ಅಂಗಡಿಯನ್ನು ವಿಚಾರಿಸಿ, 230ಕ್ಕೆ 230 ವೋಲ್ಟ್, 500 ವಿಎ, ಎರಡು ಸುರುಳಿಗಳು ಪ್ರತ್ಯೇಕವಾಗಿರಬೇಕು, ನಡುವೆ ಒಳ್ಳೆಯ ಇನ್ಸುಲೇಶನ್ ಇರಬೇಕು ಎಂದು ಹೇಳಿ ಮಾಡಿಸಿ. ಬಂದ ಮೇಲೆ ಪ್ರೈಮರಿ ಮತ್ತು ಸೆಕೆಂಡರಿ ನಡುವೆ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿಸಿ ನೋಡದೆ ಬಳಸಬೇಡಿ.

ಅದರಿಂದ ವಿದ್ಯುತ್ ಕೊಡಬೇಕಾದದ್ದು ರಿಪೇರಿಯ ಬೋರ್ಡ್‌ಗೆ. ಸ್ಕೋಪ್ ಎಂದಿನಂತೆ ಅರ್ಥ್ ಇರುವ ಪ್ಲಗ್‌ನಲ್ಲೇ ಇರಬೇಕು. ಕ್ಲಿಪ್ ಜೋಡಿಸಿದ ಕ್ಷಣದಿಂದ ಬೋರ್ಡ್‌ನ ಒಂದು ಬಿಂದು ಅರ್ಥ್ ಆಗಿರುತ್ತದೆ ಎಂಬುದನ್ನೂ ಮರೆಯಬಾರದು. ಅಂದರೆ ಉಳಿದ ತಂತಿಗಳನ್ನು ಮುಟ್ಟಿದರೆ ಮೊದಲಿನಷ್ಟೇ ಶಾಕ್ ಹೊಡೆಯುತ್ತದೆ, ಮತ್ತು ಮನೆಯ ಆರ್‌ಸಿಸಿಬಿ (ಅರ್ಥ್‌ಗೆ ಸೋರಿಕೆಯಾದರೆ ವಿದ್ಯುತ್ ಕಡಿಯುವ ಸ್ವಿಚ್) ಆಗ ಟ್ರಿಪ್ ಆಗುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಎರಡು ಪ್ರೋಬ್‌ಗಳ ಕ್ಲಿಪ್‌ಗಳನ್ನು ಎಲ್ಲಿಗೂ ಜೋಡಿಸದೆ, ಎರಡನ್ನೂ 10 ಪಟ್ಟಿಗೆ (ಸಂಕೇತವನ್ನು ಹತ್ತರಲ್ಲಿ ಒಂದಕ್ಕೆ ಇಳಿಸುವ ಸ್ಥಾನಕ್ಕೆ) ಇಟ್ಟು, ಎರಡನೆಯ ಚಾನೆಲ್ ಅನ್ನು ಇನ್ವರ್ಟ್ ಮಾಡಿ ಆ್ಯಡ್ ಸ್ಥಿತಿಯಲ್ಲಿ ನೋಡಿದರೆ ಎರಡು ಬಿಂದುಗಳ ವ್ಯತ್ಯಾಸ ಮಾತ್ರ ಕಾಣುತ್ತದೆ. 230 ವೋಲ್ಟ್ ಮೇನ್ಸ್ ರೆಕ್ಟಿಫೈ ಆದಾಗ ಕೆಪಾಸಿಟರ್ ಮೇಲೆ ಸುಮಾರು 325 ವೋಲ್ಟ್ ಇರುತ್ತದೆ. ಮಾಸ್ಫೆಟ್‌ನ ಡ್ರೈನ್‌ನಲ್ಲಿ ಅದಕ್ಕಿಂತ ಬಹಳ ಹೆಚ್ಚು ಏಳುವುದರಿಂದ ಅಲ್ಲಿಗೆ ಸಾಮಾನ್ಯ ಪ್ರೋಬ್ ಬೇಡ, 100 ಪಟ್ಟಿನದೇ ಬೇಕು.

ರಾಯಚೂರು_ಕೋಠಿ

ಎಲ್ಲಿ ಕೊಳ್ಳಬೇಕು ಎಂಬುದರ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನನ್ನದೊಂದಿಷ್ಟು. ರಾಯಚೂರಿನವರಾದ ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಬೆಳಗಿನ ರೈಲಿಗೆ ಹೋಗಿ ಕೋಠಿಯ ಎಲೆಕ್ಟ್ರಾನಿಕ್ಸ್ ಗಲ್ಲಿಗಳನ್ನು ಸುತ್ತಿ ರಾತ್ರಿಗೆ ಮರಳಬಹುದು. ಬಳ್ಳಾರಿ, ಕೊಪ್ಪಳದ ಕಡೆಯವರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವುದು ರೂಢಿ. ಎರಡೂ ಕಡೆ ನಿಯಮ ಒಂದೇ: ಪ್ಲಗ್‌ಗೆ ಹಾಕಿ ತೋರಿಸದ ವಸ್ತುವನ್ನು ಕೆಟ್ಟದ್ದೆಂದೇ ಲೆಕ್ಕ ಹಾಕಿ ಬೆಲೆ ಕಟ್ಟಬೇಕು.

ಸರ್ಕಾರಿ ಸಂಸ್ಥೆಗಳ ಹಳೆಯ ಉಪಕರಣಗಳು ಕೇಂದ್ರ ಸರ್ಕಾರದ ಉದ್ಯಮವಾದ ಎಂಎಸ್‌ಟಿಸಿಯ ಇ-ಹರಾಜಿನಲ್ಲಿ ಬರುತ್ತವೆ. ಆದರೆ ಅಲ್ಲಿ ಒಂದೊಂದಾಗಿ ಕೊಡುವುದಿಲ್ಲ. ಕುರ್ಚಿ, ಫ್ಯಾನು, ಬ್ಯಾಟರಿ, ಸ್ಕೋಪ್ ಎಲ್ಲ ಸೇರಿ ಒಂದು ಲಾಟ್. ಎಲ್ಲಿದೆಯೋ ಹೇಗಿದೆಯೋ ಹಾಗೆಯೇ ಎತ್ತಿಕೊಂಡು ಹೋಗಬೇಕು. ಹವ್ಯಾಸಿಗಳಿಗೆ ಅದು ಆಗದ ಮಾತು. ಲಾಟ್ ಹಿಡಿದ ವ್ಯಾಪಾರಿಯಿಂದ ಕೊಳ್ಳುವುದೇ ಮೇಲು. ಕಾರ್ಖಾನೆಯಿಂದ ಹೊರಬಂದದ್ದೆಂದು ಹೇಳಿ ಮಾರುವವರಿದ್ದರೆ ಗೇಟ್ ಪಾಸ್ ಅಥವಾ ಬಿಲ್ಲಿನ ನಕಲು ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ, ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. ಕಳವಿನ ಮಾಲು ಮನೆಯಲ್ಲಿ ಸಿಕ್ಕರೆ ವ್ಯಾಪಾರಿ ನಮ್ಮ ಜೊತೆ ಠಾಣೆಗೆ ಬರುವುದಿಲ್ಲ.

ಮತ್ತೆ, ಹಿಂಭಾಗದ ವೋಲ್ಟೇಜ್ ಸೆಲೆಕ್ಟರ್ ನೋಡದೆ ಯಾವುದನ್ನೂ ಪ್ಲಗ್‌ಗೆ ಹಾಕಬೇಡಿ. ಅಮೆರಿಕದಿಂದ ಬಂದವು 115ಕ್ಕೆ, ಜಪಾನಿನಿಂದ ಬಂದವು 100ಕ್ಕೆ ಹೊಂದಿಸಿರುವ ಸಾಧ್ಯತೆ ಉಂಟು. ಕೆಲವಕ್ಕೆ ಸೆಲೆಕ್ಟರ್ ಇರುವುದೇ ಇಲ್ಲ. ಅಂಥವಕ್ಕೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್‌ನ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಗಂಗಾವತಿ_ಬೋರ್ಡ್

ಭಾನುವಾರ ಬಳ್ಳಾರಿಗೆ ಹೋಗುತ್ತಿದ್ದೇನೆ. ಅಂಗಡಿಯಲ್ಲಿ ನಿಂತು ಏನೇನು ಪರೀಕ್ಷಿಸಬೇಕು, ಯಾವ ಸಾಮಾನು ಜೊತೆಗೆ ಒಯ್ಯಬೇಕು ಎಂದು ಹಿರಿಯರು ತಿಳಿಸಿದರೆ ಉಪಕಾರವಾಗುತ್ತದೆ.

ಶಕ್ತಿನಗರ_ನಿವೃತ್ತ

ಸೀರೀಸ್ ಬಲ್ಬ್ ಬೋರ್ಡ್, ಒಂದು ಪ್ರೋಬ್, ಟಾರ್ಚ್, ಹೊಸ 9 ವೋಲ್ಟ್ ಬ್ಯಾಟರಿ, ತಮ್ಮ ಮಲ್ಟಿಮೀಟರ್ ಇಷ್ಟಿದ್ದರೆ ಸಾಕು. ಮೊಬೈಲ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು ಹೆಡ್‌ಫೋನ್ ಪಿನ್ನಿನ ತಂತಿಯೊಂದನ್ನೂ ಇಟ್ಟುಕೊಂಡರೆ ಅದೇ ಫಂಕ್ಷನ್ ಜನರೇಟರ್.

ಮೊದಲು ವಿದ್ಯುತ್ ಕೊಡದೆಯೇ ಪರದೆಯ ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ನಡುವೆ ಕಂದು ಬಣ್ಣದ ಚುಕ್ಕಿಯೋ ಅಡ್ಡಗೆರೆಯೋ ಕಂಡರೆ ಫಾಸ್ಫರ್ ಸುಟ್ಟಿದೆ ಎಂದರ್ಥ. ಕಾಲೇಜಿನ ಸ್ಕೋಪ್‌ಗಳಲ್ಲಿ, ಬೆಳಕನ್ನು ಪೂರ್ತಿ ಏರಿಸಿ ಮರೆತುಬಿಡುವ ವಿದ್ಯಾರ್ಥಿಗಳಿಂದಾಗಿ, ಇದು ಸಾಮಾನ್ಯ. ಎಲ್ಲ ಗುಂಡಿಗಳನ್ನೂ ತಿರುಗಿಸಿ ನೋಡಿ. ಸಡಿಲವಾಗಿ ಸುತ್ತುವುದಕ್ಕಿಂತ ಗಟ್ಟಿಯಾಗಿ ಕಚ್ಚಿಕೊಂಡಿರುವುದು ಹೆಚ್ಚು ಕೆಟ್ಟ ಲಕ್ಷಣ, ಏಕೆಂದರೆ ಯಾರೋ ಬಲವಂತ ಮಾಡಿ ಒಳಗಿನ ಪ್ಲಾಸ್ಟಿಕ್ ಅನ್ನು ಸೀಳಿರುತ್ತಾರೆ.

ಆಮೇಲೆ 100 ವ್ಯಾಟಿನ ಬಲ್ಬಿನ ಮೂಲಕ ವಿದ್ಯುತ್ ಕೊಡಿ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ; ಪೂರ್ತಿ ಉರಿಯುತ್ತಲೇ ನಿಂತರೆ ಒಳಗೆ ಶಾರ್ಟ್ ಇದೆ. 465 ಹಾಗೆ ಮಾಡಿದರೆ ಮೊದಲು ಸಂಶಯಪಡಬೇಕಾದದ್ದು ಅದರ ಟ್ಯಾಂಟಲಮ್ ಕೆಪಾಸಿಟರ್‌ಗಳನ್ನು. ವಯಸ್ಸಾದಂತೆ ಅವು ಶಾರ್ಟ್ ಆಗಿ ಒಂದಿಡೀ ಸಪ್ಲೈ ಲೈನನ್ನು ಎಳೆದು ಕೆಡವುತ್ತವೆ. ಎಸ್‌ಎಂಪಿಎಸ್ ಇರುವ ಸ್ಕೋಪ್‌ಗಳು ಬಲ್ಬಿನ ಮೂಲಕ ಏಳದೇ ಇರಬಹುದು. ಅಷ್ಟರಿಂದಲೇ ಅವು ಕೆಟ್ಟಿವೆ ಎನ್ನಲಾಗದು. ಬಲ್ಬ್ ಮಂಕಾದ ಮೇಲೆ ಅದನ್ನು ತೆಗೆದು ನೇರ ವಿದ್ಯುತ್ ಕೊಟ್ಟು, ಗೆರೆ ಬರುವವರೆಗೆ ಕಾಯಿರಿ.

ಬ್ಯಾಟರಿಯನ್ನು ಮೀಟರ್‌ನಲ್ಲಿ ಅಳೆಯಿರಿ. ಅದು 9.4 ತೋರಿಸಿತೆನ್ನಿ, ಪ್ರೋಬ್ ಅನ್ನು ಒಂದು ಪಟ್ಟಿಗೆ, ಚಾನೆಲ್ ಅನ್ನು ಡಿಸಿಗೆ, ವೋಲ್ಟ್ ಗುಂಡಿಯನ್ನು ಪರದೆಯ ಒಂದು ಮನೆಗೆ (ಚೌಕಕ್ಕೆ) 2 ವೋಲ್ಟ್ ಎಂಬಲ್ಲಿಗೆ ಇಟ್ಟು ಮುಟ್ಟಿಸಿದರೆ ಗೆರೆ ನಾಲ್ಕು ಮುಕ್ಕಾಲು ಮನೆಗಿಂತ ಒಂದು ಕೂದಲೆಳೆಯಷ್ಟು ಕೆಳಗೆ ನಿಲ್ಲಬೇಕು. 5ಕ್ಕೆ ತಿರುಗಿಸಿದರೆ ಎರಡು ಮನೆಯ ಹತ್ತಿರಕ್ಕೆ ಇಳಿಯಬೇಕು. ಹೀಗೆ ಎರಡೂ ಚಾನೆಲ್‌ಗಳಲ್ಲಿ ನೋಡಿ. ಗುಂಡಿ ಅಲುಗಿಸಿದಾಗ ಗೆರೆ ನಡುಗಿದರೆ ಅದು ಸ್ವಿಚ್ಚಿನ ಕೊಳೆ. ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಗುತ್ತದೆ. ಒಂದು ಸ್ಥಾನದಲ್ಲಿ ಮಾತ್ರ ಅಳತೆಯೇ ತಪ್ಪಿದರೆ ಅದು ಅಟೆನ್ಯುಯೇಟರ್‌ನ (ಸಂಕೇತವನ್ನು ತಗ್ಗಿಸುವ ಭಾಗದ) ದೋಷ, ಬೆಲೆ ಇಳಿಸಿ ಕೇಳಬೇಕಾದ ವಿಷಯ. ಮೊಬೈಲಿನ 1 ಕಿಲೋಹರ್ಟ್ಸ್ ಕೊಟ್ಟು ಟ್ರಿಗರ್ ಹಿಡಿಯುತ್ತದೆಯೇ, ಅಂದರೆ ಅಲೆ ಪರದೆಯಲ್ಲಿ ಓಡದೆ ನಿಲ್ಲುತ್ತದೆಯೇ ನೋಡಿ. ಬಳಿಕ ಸಮಯದ ಗುಂಡಿಯನ್ನು ಅತಿ ವೇಗಕ್ಕೆ ತಿರುಗಿಸಿ. ಕೋಣೆಯ ಬೆಳಕಿನಲ್ಲೂ ಗೆರೆ ಕಾಣಿಸಿದರೆ ಟ್ಯೂಬಿಗೆ ಇನ್ನೂ ಆಯುಷ್ಯವಿದೆ.

ಇಷ್ಟಾದ ಮೇಲೆ ಚಹಾ ಕುಡಿದು ಬನ್ನಿ, ಸ್ಕೋಪ್ ಅರ್ಧ ಗಂಟೆ ಉರಿಯುತ್ತಿರಲಿ. ಬಿಸಿಯಾದ ಮೇಲೆಯೇ ಹೊರಬರುವ ದೋಷಗಳಿವೆ. ಹಲವು ಉಪಕರಣಗಳ ಕೈಪಿಡಿಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಎಂದೇ ಬರೆದಿರುತ್ತಾರೆ. ನಮ್ಮ ಏಪ್ರಿಲ್, ಮೇ ತಿಂಗಳು ಅವರಿಗೆ ಗೊತ್ತಿರಲಿಲ್ಲ.

ಗಂಗಾವತಿ_ಬೋರ್ಡ್

ಹೋಗಿ ಬಂದೆ. 465ರಲ್ಲಿ ಬಲ್ಬ್ ಪೂರ್ತಿ ಉರಿದು ಹಾಗೆಯೇ ನಿಂತಿತು. ಸೆಲೆಕ್ಟರ್ 230ರಲ್ಲೇ ಇತ್ತು. ವ್ಯಾಪಾರಿ ಎಂಟು ಸಾವಿರಕ್ಕೆ ಇಳಿದರೂ ಕೈಮುಗಿದು ಬಂದೆ. ಸೈಂಟಿಫಿಕ್ ಸ್ಕೋಪ್‌ನಲ್ಲಿ ಬ್ಯಾಟರಿಯ ಪರೀಕ್ಷೆ ಎರಡೂ ಚಾನೆಲ್‌ಗಳಲ್ಲಿ ಸರಿಹೋಯಿತು. ಎರಡನೆಯದರ ಗುಂಡಿ ಮಾತ್ರ ಕರಕರ ಎನ್ನುತ್ತದೆ. ಅದನ್ನು ಐದು ಸಾವಿರಕ್ಕೆ, ಪವರ್ ಸಪ್ಲೈಯನ್ನು ಎರಡು ಸಾವಿರಕ್ಕೆ ಕೊಂಡು, ಬಸ್ಸಿನಲ್ಲಿ ಸ್ಕೋಪ್ ಅನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಅಲ್ಲಿಯೇ ಹಳೆಯ ಫ್ಲೂಕ್ ಮಲ್ಟಿಮೀಟರ್ ಒಂದು ಇತ್ತು. ಹಿಂಭಾಗ ಬಿಚ್ಚಿ ನೋಡಲು ಅನುಮತಿ ಕೇಳಿದೆ. ಆಂಪಿಯರ್ ಫ್ಯೂಸ್ ಇರಬೇಕಾದ ಹಿಡಿಕೆಯಲ್ಲಿ ಬಿಳಿಯ ಪಿಂಗಾಣಿಯ ಫ್ಯೂಸಿನ ಬದಲು ತಾಮ್ರದ ಎಳೆಗಳನ್ನು ಹೊಸೆದು ಬೆಸುಗೆ ಹಾಕಿದ್ದರು, ಪಕ್ಕದ ಬೋರ್ಡ್ ಕಪ್ಪಾಗಿತ್ತು. ಮುಚ್ಚಿ ಹಿಂದಿರುಗಿಸಿದೆ.

ಸ್ಕೋಪ್‌ನ ಕವಚ ತೆಗೆದಾಗ ಒಳಗೆಲ್ಲ ಕೆಂಪು ಧೂಳು. ಟ್ಯೂಬಿನ ಹಿಂದಿನ ಹೈ ವೋಲ್ಟೇಜ್ ಭಾಗದ ಮೇಲೆ ಅದು ತುಪ್ಪಳದಂತೆ ಹತ್ತಿಕೊಂಡಿದೆ. ಹೇಗೆ ತೆಗೆಯಲಿ?

ಕೌಲ್‌ಬಜಾರ್_ಸರ್ವೋ

ಫ್ಲೂಕ್ ಬಿಟ್ಟದ್ದು ಒಳ್ಳೆಯದಾಯಿತು. ಆ ಫ್ಯೂಸ್ ಸಿಡಿಯುವಾಗ ಕಿಡಿಯನ್ನು ತನ್ನೊಳಗೇ ನುಂಗಿಕೊಳ್ಳಲೆಂದು ಮರಳು ತುಂಬಿ ಮಾಡಿದ್ದು. ತಾಮ್ರದ ಎಳೆ ಹಾಕಿದ ಮೀಟರ್ ಅನ್ನು ಮೇನ್ಸ್‌ಗೆ ತಪ್ಪು ಸಾಕೆಟ್‌ನಲ್ಲಿ ಇಟ್ಟರೆ ಕೈಯಲ್ಲೇ ಸ್ಫೋಟಿಸುತ್ತದೆ.

ಬಳ್ಳಾರಿ, ಸಂಡೂರಿನ ಧೂಳಿನಲ್ಲಿ ಅದಿರಿನ ಪುಡಿ ಇರುತ್ತದೆ. ಹೈ ವೋಲ್ಟೇಜ್ ಭಾಗ ಧೂಳನ್ನು ತಾನೇ ಎಳೆದುಕೊಳ್ಳುತ್ತದೆ. ಮಳೆಗಾಲದ ತೇವ ಸೇರಿದರೆ ಆ ಪದರದ ಮೇಲೆಯೇ ಕರೆಂಟ್ ಹರಿದು ಚಟಚಟ ಸದ್ದು ಬರುತ್ತದೆ, ಗೆರೆಯ ಫೋಕಸ್ ಕೆಡುತ್ತದೆ. ಪ್ಲಗ್ ಕಿತ್ತು ಒಂದು ದಿನ ಹಾಗೆಯೇ ಬಿಡಿ. ಟ್ಯೂಬ್ ತಾನೇ ಒಂದು ಕೆಪಾಸಿಟರ್‌ನಂತೆ ಚಾರ್ಜ್ ಹಿಡಿದುಕೊಂಡಿರುವುದರಿಂದ, ಬಿಟ್ಟ ಮೇಲೂ ಇನ್ಸುಲೇಟೆಡ್ ತಂತಿಗೆ ರೆಸಿಸ್ಟರ್ ಸೇರಿಸಿ ಚಾಸಿಗೆ ಇಳಿಸಿ. ಆಮೇಲೆ ಮೆತ್ತನೆಯ ಬಣ್ಣದ ಬ್ರಷ್‌ನಿಂದ ಸಡಿಲಿಸಿ ಬ್ಲೋವರ್‌ನಿಂದ ಊದಿ, ಅಂಟಿಕೊಂಡದ್ದನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ. ಟ್ಯೂಬಿನ ಕತ್ತಿನ ಹತ್ತಿರ ಕೈ ಒತ್ತಬೇಡಿ. ಮೇನ್ಸ್ ಒಳಬರುವ ಕಡೆ ಪಾರದರ್ಶಕ ಹಳದಿ ಕವಚದ, ರೀಫಾ ಎಂದು ಬರೆದ ಕೆಪಾಸಿಟರ್ ಇದೆಯೇ ನೋಡಿ. ಅದರ ಮೈ ಬಿರುಕು ಬಿಟ್ಟು ಒಳಗಿನ ಕಾಗದಕ್ಕೆ ತೇವ ಹಿಡಿದು, ಒಂದು ದಿನ ಹೊಗೆಯಾಡಿ ಮನೆಯನ್ನೆಲ್ಲ ನಾರಿಸುತ್ತದೆ. ಇದ್ದರೆ ಈಗಲೇ ಎಕ್ಸ್2 ದರ್ಜೆಯ ಹೊಸದನ್ನು ಹಾಕಿ.

ಕೊಪ್ಪಳ_ಡಿಜಿಟಲ್

ಇಷ್ಟೆಲ್ಲ ಮಾಡಿದ ಮೇಲೂ ಅದು ಕ್ಯಾಲಿಬ್ರೇಟ್ ಆಗಿದೆಯೆಂದು ಹೇಗೆ ನಂಬುವುದು? ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಕಳಿಸಿದರೆ ಸ್ಕೋಪಿನ ಬೆಲೆಯೇ ಖರ್ಚಾದೀತು.

ಶಕ್ತಿನಗರ_ನಿವೃತ್ತ

ಕಳಿಸುವ ಅಗತ್ಯವಿಲ್ಲ. ಅನಲಾಗ್ ಸ್ಕೋಪ್‌ನ ನಿಖರತೆ ಹೊಸದಿರುವಾಗಲೇ ಶೇಕಡಾ 3ರ ಆಸುಪಾಸು. ಅದು ಆಕಾರ ನೋಡುವ ಸಾಧನ. ವೋಲ್ಟೇಜ್‌ನ ಲೆಕ್ಕ ಮಲ್ಟಿಮೀಟರ್‌ನದು, ಅದನ್ನು ನಿಖರ ವೋಲ್ಟೇಜ್ ಕೊಡುವ ಎಡಿ584 ಐಸಿಯ ರೆಫರೆನ್ಸ್ ಬೋರ್ಡ್ ಒಂದಕ್ಕೆ ಹೋಲಿಸಿ ನೋಡಿದರೆ ರಿಪೇರಿ ಕೆಲಸಕ್ಕೆ ಸಾಕು. ಡಿಜಿಟಲ್ ಪಕ್ಷದವರು ಇದೇ ಪ್ರಶ್ನೆಯನ್ನು ಹಳೆಯ ಡಿಜಿಟಲ್ ಸ್ಕೋಪ್ ಕೊಳ್ಳುವಾಗ ಕೇಳಬೇಕು. ಅವುಗಳಲ್ಲಿ ಕೆಲವು ಕ್ಯಾಲಿಬ್ರೇಶನ್ ಅಂಕಿಗಳನ್ನು ಬ್ಯಾಟರಿ ಕೂಡಿದ ಮೆಮೊರಿ ಚಿಪ್‌ನಲ್ಲಿ ಇಟ್ಟಿರುತ್ತವೆ. ಆ ಬ್ಯಾಟರಿ ಸತ್ತ ದಿನ ಅಂಕಿಗಳೂ ಅಳಿಸಿಹೋಗುತ್ತವೆ. ಟೆಕ್ಟ್ರಾನಿಕ್ಸ್ 2465ಬಿ ಅನಲಾಗ್ ಆದರೂ ಅದಕ್ಕೂ ಈ ಕಾಯಿಲೆ ಉಂಟು.

ಗಂಗಾವತಿ_ಬೋರ್ಡ್

ಧೂಳು ಹೋಯಿತು. ರೀಫಾ ಇರಲಿಲ್ಲ. ಉಳಿದ ಹಣದಲ್ಲಿ ಕಾರಟಗಿಯ ವೈಂಡಿಂಗ್ ಅಂಗಡಿಯವರಿಗೆ ಟ್ರಾನ್ಸ್‌ಫಾರ್ಮರ್ ಹೇಳಿದ್ದೇನೆ. ಈಗ ಒಂದೇ ತೊಂದರೆ: ಸ್ಕೋಪ್‌ನದೇ ಕ್ಯಾಲಿಬ್ರೇಟರ್‌ನ ಚೌಕ ಅಲೆಗೆ ಹೊಸ ಪ್ರೋಬ್ ಇಟ್ಟರೆ, 10 ಪಟ್ಟಿನಲ್ಲಿ ಅಲೆಯ ಮೂಲೆಗಳು ದುಂಡಗಾಗಿ ಕಾಣುತ್ತವೆ, ಒಂದು ಪಟ್ಟಿನಲ್ಲಿ ನೆಟ್ಟಗಿವೆ.

ಕೌಲ್‌ಬಜಾರ್_ಸರ್ವೋ

ಅದು ದೋಷವಲ್ಲ. ಪ್ರೋಬಿನ ಹಿಡಿಕೆಯಲ್ಲೋ ಸ್ಕೋಪ್‌ಗೆ ಸೇರುವ ಬಿಎನ್‌ಸಿ ತುದಿಯಲ್ಲೋ ಸಣ್ಣ ತಿರುಪು ಇರುತ್ತದೆ. ಜೊತೆಗೆ ಕೊಟ್ಟಿರುವ ಪ್ಲಾಸ್ಟಿಕ್ ತಿರುಪುಳಿಯಿಂದ, ಮೂಲೆ ದುಂಡಾಗಿಯೂ ಇರದೆ ಕೊಂಬಿನಂತೆ ಮೇಲೆದ್ದೂ ಇರದೆ ಚೌಕವಾಗುವವರೆಗೆ ಮೆಲ್ಲಗೆ ತಿರುಗಿಸಿ. ಎರಡನೆಯ ಚಾನೆಲ್‌ಗೆ ಬದಲಿಸಿದಾಗ ಮತ್ತೊಮ್ಮೆ ಹೊಂದಿಸಬೇಕಾಗುತ್ತದೆ.